ದಾರ್ಸೊನೊ ಸುರಿಯುವ ಚಳಿ

ಸೆಮಾರಾಂಗಿನ ಸೆಖೆಯಲ್ಲಿ ಊರೆಲ್ಲ ಬೀಸಣಿಗೆ ಹಿಡಿದು ಕೂತರೆ, ದಾರ್ಸೊನೊ ಮಾತ್ರ ಇರುವ ಚಳಿಯನ್ನೆಲ್ಲ ತನ್ನ ಕಂಪ್ಯೂಟರಿಗೆ ಕುಡಿಸುತ್ತಾನೆ. ಅದರ ಪ್ರೊಸೆಸರನ್ನು ತಯಾರಿಸಿದವರೇ ಬೇಡವೆಂದ ವೇಗದಲ್ಲಿ ಓಡಿಸುವುದು ಅವನ ಹುಚ್ಚು. ಅದು ಸುಟ್ಟುಹೋಗದಂತೆ ಅದರ ಮೇಲೆ ಕೂರಿಸಿದ ತಾಮ್ರದ ಲೋಟಕ್ಕೆ ಥರ್ಮಾಸಿನಿಂದ ದ್ರವ ಸಾರಜನಕವನ್ನು ಎಡೆಬಿಡದೆ ಸುರಿಯುತ್ತಿರಬೇಕು. ಹೆಚ್ಚಾದರೆ ಯಂತ್ರ ಮರಗಟ್ಟಿ ನಿಲ್ಲುತ್ತದೆ, ಕಡಿಮೆಯಾದರೆ ಕಾದು ಸಾಯುತ್ತದೆ. ಯಾರ ಯಂತ್ರ ಹೆಚ್ಚು ವೇಗವೆಂದು ನೋಡುವ ವರ್ಷದ ಪಂದ್ಯದ ದಿನ ಮನೆಯಲ್ಲಿ ಅನ್ನ ಬೇಯುವಂತಿಲ್ಲ, ಹಬೆ ತಗುಲೀತು. ತಲೆಗೆ ನೀರು ಹಾಕಿಕೊಂಡವರು ಕೋಣೆಗೆ ಬರುವಂತಿಲ್ಲ. "ಉಸಿರಾದ್ರೂ ಆಡಬಹುದೇನ್ರೀ?" ಎಂದು ಹೆಂಡತಿ ವೆನಿಂಗ್ ಕೇಳಿದರೆ, "ಆ ಕಡೆ ತಿರುಗಿ ಆಡು" ಎನ್ನುತ್ತಾನೆ. ಈ ವರ್ಷ ಗೆಳೆಯರೆಲ್ಲ ನೆರೆದು, ದಾಖಲೆಗೆ ಕೂದಲೆಳೆಯಷ್ಟು ಬಾಕಿ ಇರುವಾಗ, ಅವನ ಕೈಯ ಥರ್ಮಾಸು ನಡುಗತೊಡಗಿತು. ಆ ನಡುಕ ಶುರುವಾಗಿ ಎಷ್ಟು ತಿಂಗಳಾಯಿತೆಂದು ವೆನಿಂಗ್ ಒಬ್ಬಳಿಗೇ ಗೊತ್ತು. "ನೆಲಕ್ಕೆಲ್ಲ ಚೆಲ್ತೀರಲ್ರೀ, ಒರೆಸೋಳು ನಾನು! ಕೊಡಿ ಇಲ್ಲಿ" ಎಂದು ಗದರಿ ಅದನ್ನು ಕಿತ್ತುಕೊಂಡು ತಾನೇ ಸುರಿಯತೊಡಗಿದಳು. ಚೆಲ್ಲಿದ ಸಾರಜನಕ ಚಿಟಿಕೆ ಹೊಡೆಯುವಷ್ಟರಲ್ಲಿ ಗಾಳಿಗೆ ಸೇರುತ್ತದೆ, ಒರೆಸಲು ಹನಿಯೂ ಉಳಿಯುವುದಿಲ್ಲ; ಅದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೂ ಎಲ್ಲರೂ ಸರಿದು ಅವಳಿಗೆ ಜಾಗ ಬಿಟ್ಟರು. ದಾರ್ಸೊನೊ ಮಾತ್ರ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, "ನಿಧಾನಕ್ಕೆ ಹುಯ್ಯೇ, ಸೂಪಲ್ಲ ಅದು!" ಎಂದು ರೇಗಿದ.