ಕಾರ್ಪೆಟ್ಟಿನ ಕೆಳಗಿನ ತುಕ್ಕು

ಕೋವಿಡ್ ಕಳೆದ ಮರುವರ್ಷದ ಮಾತು. ನಾನಾಗ ಮೋಟಾರು ವಾಹನ ನಿರೀಕ್ಷಕಿ; ರಿಟೈರ್‌ಮೆಂಟ್ ಹತ್ತಿರವಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸರದಿಯ ಮೇಲೆ ತಾಲ್ಲೂಕು ಕ್ಯಾಂಪ್‌ಗಳಿಗೆ ಹೋಗಿ ಗಾಡಿ ಪರೀಕ್ಷಿಸುವುದು ನನ್ನ ಕೆಲಸ. ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬಿದರೆ ಅದರ ನೋಂದಣಿ ಮುಗಿಯುತ್ತದೆ. ರಸ್ತೆಗೆ ಯೋಗ್ಯ ಎಂದು ನಾವು ಒಪ್ಪಿದರೆ ಮತ್ತೆ ಐದು ವರ್ಷ. ಜನ ಇದನ್ನು ‘ಎಫ್‌ಸಿ ಮಾಡಿಸೋದು’ ಅನ್ನುತ್ತಾರೆ.

ಕಾನ್ವೆಂಟಿನಲ್ಲಿ ಓದಿದ ಹುಡುಗಿ ಲಾರಿಯ ಕೆಳಗೆ ತೂರುವ ಕೆಲಸಕ್ಕೆ ಯಾಕೆ ಹೋದಳು ಎಂದು ನಮ್ಮ ತಾಯಿ ಕೊನೆತನಕ ಕೇಳಿದರು. ಐ ಜಸ್ಟ್ ಲೈಕ್ಡ್ ಮಷೀನ್ಸ್, ಅಷ್ಟೇ.

ಹಳೆಯ ಕಾರುಗಳು ಫೇಲಾಗುವುದು ಬಹುಪಾಲು ಅವವೇ ಕಾರಣಗಳಿಗೆ. ಒಂದು ಹೆಡ್‌ಲೈಟ್ ಮರದ ತುದಿ ನೋಡಿದರೆ ಇನ್ನೊಂದು ಚರಂಡಿ ನೋಡುತ್ತಿರುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಹತ್ತುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರೂ ಗಾಡಿ ಇಳಿಜಾರಿನಲ್ಲಿ ಜಾರುತ್ತದೆ. ಟಯರ್ ಸವೆದು ನುಣ್ಣಗಾಗಿರುತ್ತದೆ. ಕ್ಯಾಂಪಿನ ದಿನಕ್ಕೆಂದು ಯಾರದೋ ಟಯರ್ ಇಸಕೊಂಡು ಹಾಕಿಕೊಂಡು ಬರುವವರೂ ಉಂಟು. ಇವೆಲ್ಲ ಒಂದೆರಡು ದಿನದಲ್ಲಿ ರಿಪೇರಿಯಾಗುವಂಥವು. ತಳದ ತುಕ್ಕು ಮಾತ್ರ ಹಾಗಲ್ಲ.

ಚನ್ನಗಿರಿ ಕ್ಯಾಂಪಿಗೆ ಕೆರೆಬಿಳಚಿಯ ಟೈಲರ್ ಇಸ್ಮಾಯಿಲ್ ಸಾಬರು ತಮ್ಮ ಸೆಕೆಂಡ್‌ಹ್ಯಾಂಡ್ ಕಾರು ತಂದರು. ಪಕ್ಕದ ಸೀಟಿನಲ್ಲಿ ಹೆಂಡತಿ ಜೈಬುನ್ನಿಸಾ. ಸೊಂಟದ ಆಪರೇಷನ್ ಆದ ಮೇಲೆ ಆಕೆಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಗಂಡ ಆ ಸೀಟನ್ನು ಬಿಚ್ಚಿ, ಸ್ಪಂಜು ಕತ್ತರಿಸಿ, ಆಕೆಯ ಮೈಗೆ ತಕ್ಕಂತೆ ಮತ್ತೆ ಹೊಲಿದಿದ್ದರು.

“ಸ್ವಲ್ಪ ಇಳೀತೀರಾ ಅಮ್ಮಾ, ಗಾಡಿ ನೋಡಬೇಕು,” ಎಂದೆ.

“ನನ್ನನ್ನ ಕಾರಿಂದ ಇಳಿಸೋದಕ್ಕಿಂತ ಕಾರನ್ನೇ ನನ್ನಿಂದ ಇಳಿಸೋದು ಸಲೀಸು ರೀ ಮೇಡಂ,” ಎಂದು ನಕ್ಕರು ಆಕೆ. ಇಬ್ಬರು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. “ಬೇಗ ಪಾಸ್ ಮಾಡ್ರಿ. ಜಗಳೂರಲ್ಲಿ ನಮ್ಮಕ್ಕ ಹಾಸಿಗೆ ಹಿಡಿದಾಳೆ. ನೋಡಾಕೆ ಹೋಗ್ಬೇಕು.”

ದೀಪ, ಬ್ರೇಕ್, ಸ್ಟೀರಿಂಗ್ ಎಲ್ಲ ಪರವಾಗಿಲ್ಲ ಅನ್ನುವಂತಿತ್ತು. ಸೀಟ್ ಬೆಲ್ಟ್ ಎಳೆದು ನೋಡಿದೆ. ನಡುವೆ ಹರಿದಿದ್ದನ್ನು ಅಚ್ಚುಕಟ್ಟಾಗಿ ಹೊಲಿದಿದ್ದರು.

“ಡಬಲ್ ಹೊಲಿಗೆ ಮೇಡಂ. ನನ್ನ ಹೊಲಿಗೆ ಬಿಚ್ಚಿದ್ದು ಈ ತಾಲ್ಲೂಕಲ್ಲೇ ಇಲ್ಲ,” ಎಂದರು ಸಾಬರು.

“ಬೆಲ್ಟಿಗೆ ಹೊಲಿಗೆ ನಡೆಯಲ್ಲ ಸಾಹೇಬ್ರೆ. ಹೊಸದೇ ಹಾಕಿಸಬೇಕು.”

“ನಾ ಹೇಳಿದ್ನೋ ಇಲ್ಲೋ? ಕಂಡಿದ್ದಕ್ಕೆಲ್ಲ ಸೂಜಿ ಹಾಕ್ತಾರೆ. ನಾನು ಸುಮ್ನೆ ಕೂತ್ರೆ ನನಗೂ ಕಾಜಾ ತೆಗೆದು ಗುಂಡಿ ಇಟ್ಬಿಡ್ತಾರೆ!” ಎಂದರು ಜೈಬುನ್ನಿಸಾ ಕುರ್ಚಿಯಿಂದಲೇ.

ಸುತ್ತಲಿದ್ದವರೆಲ್ಲ ನಕ್ಕರು, ನಾನೂ. ಒಳಗೆ ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿತ್ತು. ಮೂಲೆಮೂಲೆಗೂ ಅಳತೆ ಹಿಡಿದು, ಅಂಚಿಗೆ ಪಟ್ಟಿ ಕೊಟ್ಟು ಹೊಲಿದದ್ದು. ಎತ್ತಿ ಎಂದೆ. ಸಾಬರು ತಡೆದರು.

“ಸ್ವಲ್ಪ ತುಕ್ಕು ಐತೆ ಮೇಡಂ. ಕೆಸರು ಚಿಮ್ಮದಂಗೆ ಮುಚ್ಚೀನಿ.”

ಕಾರ್ಪೆಟ್ಟನ್ನು ನಾನೇ ಸರಿಸಿ, ಹೆಂಡತಿಯ ಸೀಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಪ್ಪಳ ಮುರಿದಂತೆ ತಗಡು ಮುರಿದು, ತೂತಿನಲ್ಲಿ ಕೆಳಗಿನ ನೆಲ ಕಂಡಿತು. ಸೀಟಿನ ಬೋಲ್ಟುಗಳು ನಿಂತಿದ್ದುದೇ ಆ ತಗಡಿನ ಮೇಲೆ. ಜೋರಾಗಿ ಬ್ರೇಕ್ ಹಾಕಿದರೆ ಕೂತವರ ಸಮೇತ ಸೀಟೇ ಕಿತ್ತು ಬರುತ್ತದೆ. ಅದನ್ನೇ ಅವರಿಗೆ ಬಿಡಿಸಿ ಹೇಳಿದೆ.

ಸಾಬರು ತೂತನ್ನೇ ನೋಡುತ್ತಾ ನಿಂತುಬಿಟ್ಟರು. ಆಕೆ ನಗುತ್ತಿರಲಿಲ್ಲ.

“ಒಂದೇ ಸಲ ಜಗಳೂರಿಗೆ ಹೋಗಿ ಬರ್ತೀವಿ ರೀ. ಬಂದ ಕೂಡ್ಲೆ ರಿಪೇರಿಗೆ ಬಿಡ್ತೀವಿ.”

“ಬಾಡಿಗೆ ಕಾರು ಮಾಡ್ಕೊಳ್ಳಿ ಅಮ್ಮಾ.”

“ಒಂದ್ಸಲ ಮಾಡಿದ್ವಿ. ನೋವು ತಡೆಯಾಕೆ ಆಗ್ದೆ ಅರ್ಧ ದಾರಿಯಿಂದ ವಾಪಸ್ ಬಂದೆ.”

ಆಗುವುದಿಲ್ಲ ಎಂದೆ. ಫೇಲ್ ಎಂದು ಬರೆದೆ. ಆಕೆಯನ್ನು ಆಟೋದಲ್ಲಿ ಮನೆಗೆ ಕಳಿಸಿ, ಸಾಬರು ಗಾಡಿಯನ್ನು ನೇರ ಹೊನ್ನಾಳಿಗೆ, ಟಿಂಕರಿಂಗ್ ಅಂದರೆ ತಗಡಿನ ಕೆಲಸ ಮಾಡುವವರ ಹತ್ತಿರ ಒಯ್ದರು. ಅಲ್ಲಿ ಮುಂದೆ ನಿಂತ ಗಾಡಿಗಳು ಮುಗಿದು ಇವರ ಪಾಳಿ ಬರಬೇಕಿತ್ತು.

ಮುಂದಿನ ಹೊನ್ನಾಳಿ ಕ್ಯಾಂಪಿಗೆ ಆ ಕಾರು ಬಂತು. ಹಳೆಯ ತಳ ಕತ್ತರಿಸಿ ತೆಗೆದು ಹೊಸ ತಗಡು ಬೆಸುಗೆ ಹಾಕಿದ್ದರು. ಸೀಟಿಗೆ ಹೊಸ ಬ್ರಾಕೆಟ್, ಹೊಸ ಬೆಲ್ಟ್. ಬ್ಯೂಟಿಫುಲ್ ವರ್ಕ್. ಆಕೆ ತಮ್ಮ ಸೀಟಿನಲ್ಲೇ ಕೂತಿದ್ದರು. ಕಿಟಕಿಯ ಹತ್ತಿರ ಬಗ್ಗಿ, ಖುಷಿಯಿಂದಲೇ ಹೇಳಿದೆ:

“ಪಾಸ್ ಅಮ್ಮಾ. ಇನ್ನು ಜಗಳೂರಿಗೆ ಹೊರಡಿ.”

ಸಾಬರು ಮುಖ ಆಚೆ ತಿರುಗಿಸಿದರು. “ಅಕ್ಕ ಹೋದ ವಾರ ತೀರ್ಕೊಂಡ್ರು ಮೇಡಂ. ಗಾಡಿ ಇನ್ನೂ ಶೆಡ್ಡಲ್ಲೇ ಇತ್ತು. ಮಣ್ಣಿಗೂ ಇವಳ್ನ ಕರ್ಕೊಂಡು ಹೋಗಾಕೆ ಆಗ್ಲಿಲ್ಲ.”

ಕೈಯಲ್ಲಿದ್ದ ಫಾರ್ಮನ್ನು ಬಾನೆಟ್ಟಿನ ಮೇಲಿಟ್ಟೆ.

“ನಿಮ್ದು ತಪ್ಪಲ್ಲ ರೀ,” ಎಂದರು ಜೈಬುನ್ನಿಸಾ. “ಆ ತೂತು ನಾನೂ ನೋಡೀನಲ್ಲ.” ಬಾಗಿಲಿನ ಮೇಲೆ ಅಂಗೈ ಇಟ್ಟರು. “ಆದ್ರೆ ಇಷ್ಟು ಗಟ್ಟಿ ಕಾರು ಇಟ್ಕೊಂಡು ನಾನೀಗ ಎಲ್ಲಿಗೆ ಹೋಗ್ಲಿ, ಹೇಳ್ರಿ?”

ಅಂಥ ತಳ ಮತ್ತೆ ಕಂಡಿದ್ದರೆ ಮತ್ತೆ ಫೇಲ್ ಮಾಡುತ್ತಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಸರಿಯಾದ ತೀರ್ಮಾನದಿಂದಲೂ ಯಾರೋ ಒಬ್ಬರು ಏನನ್ನೋ ಕಳೆದುಕೊಳ್ಳುವುದು ಇರುತ್ತದೆ. ಅದನ್ನು ಯಾವ ಟ್ರೇನಿಂಗಿನಲ್ಲೂ ಕಲಿಸಿರಲಿಲ್ಲ. ಅಂಥವರ ಎದುರು ರೂಲ್ಸ್ ಹೇಳಬಾರದು, ಬೇಗ ಮುಂದಿನ ಗಾಡಿಯ ಕಡೆ ಹೋಗಲೂಬಾರದು. ಹಿಂದೆ ಕಾಯುತ್ತಿದ್ದವರು ಹಾರ್ನ್ ಹೊಡೆಯುತ್ತಿದ್ದರು. ಸಾಬರು ಗಾಡಿ ಶುರುಮಾಡುವವರೆಗೂ ನಾನು ಆ ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ.