ಆ ನಕ್ಷತ್ರದಲ್ಲಿ ಇಲ್ಲದ ಗೆರೆ

ನಸ್ರೀನ್, ಇಪ್ಪತ್ತಮೂರನೇ ಹಾಳೆಯ ನಕ್ಷತ್ರಕ್ಕೆ ಇಲ್ಲದ ಕಬ್ಬಿಣ ಕೊಟ್ಟವಳು ನಾನು. ಗೊತ್ತಿಲ್ಲದೆ ಕೊಟ್ಟೆ — ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಆರು ವರ್ಷ ಆಯಿತು.

ಚಳ್ಳಕೆರೆಯ ನಿಮ್ಮ ಮನೆಯ ಮಾಳಿಗೆ ಕೋಣೆ ಇನ್ನೂ ಕಣ್ಣ ಮುಂದಿದೆ. ಮೊಳಕಾಲ್ಮೂರಿನಿಂದ ಎಂಟರ ಬಸ್ಸಿಗೆ ಹೊರಟು ಬರುತ್ತಿದ್ದೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ನೀನಾಗ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ಗ್ಯಾಲಕ್ಸಿಯ ಸುತ್ತ ತಿರುಗುವ ಒಂದು ಕುಬ್ಜ ಗ್ಯಾಲಕ್ಸಿ, ಅದರ ನಲವತ್ತು ನಕ್ಷತ್ರಗಳು. ಒಂದೊಂದರ ಬೆಳಕನ್ನೂ ಬಣ್ಣಬಣ್ಣವಾಗಿ ಬಿಡಿಸಿ, ನಕ್ಷತ್ರಕ್ಕೊಂದು ಹಾಳೆಯಂತೆ ನೀನು ಪಟ್ಟಿಯಾಗಿ ಅಚ್ಚು ಹಾಕಿಸಿದ್ದೆ. ಪಟ್ಟಿಯೊಳಗೆ ಕಪ್ಪು ಗೆರೆಗಳು — ಇದು ಕಬ್ಬಿಣದ್ದು, ಇದು ಮೆಗ್ನೀಸಿಯಮ್ಮಿನದು. ಮಸುಕು ಗೆರೆಗಳ ವಿಷಯಕ್ಕೆ ನೀನು ಕಂಪ್ಯೂಟರನ್ನು ನಂಬದೆ, ರೇಷ್ಮೆ ಸೀರೆಯಲ್ಲಿ ತಪ್ಪಿದ ಎಳೆ ಹುಡುಕುವ ನನ್ನ ಕಣ್ಣನ್ನು ನಂಬಿದೆ. ಗೆರೆಯ ದಪ್ಪ ಅಳೆದು ಬರೆಯುವುದಷ್ಟೇ ನನ್ನ ಕೆಲಸ.

ಕೆಳಗಿನ ಗ್ಯಾರೇಜಿನಿಂದ ನಿಮ್ಮ ಅಬ್ಬಾ ಕೂಗುತ್ತಿದ್ದರು: “ಕಬ್ಬಿಣ ಬೇಕಂದ್ರೆ ಇಲ್ಲೇ ರಾಶಿ ಬಿದ್ದೈತಲ್ಲ ಬೇಟಿ, ಅಷ್ಟು ದೂರ ಯಾಕೆ ಹೋಗ್ತೀಯಾ?”

“ನಿಮ್ದು ತುಕ್ಕು ಹಿಡಿದೈತೆ ಅಬ್ಬಾ!”

ಆ ಇಪ್ಪತ್ತಮೂರನೇ ಹಾಳೆಯಲ್ಲಿ ಕಬ್ಬಿಣದ ಗೆರೆ ಇರಬೇಕಾದ ಜಾಗ ಖಾಲಿ ಇತ್ತು. ಮಗ್ಗದವರು ನಾವು, ಎಳೆ ತಪ್ಪಿದ್ದು ಕಂಡರೆ ಹೇಳಿಕೊಂಡು ತಿರುಗುವುದಿಲ್ಲ. ಪಕ್ಕದ ಎಳೆ ನೋಡಿ, ಅದೇ ಬಣ್ಣದ ನೂಲನ್ನು ಸೂಜಿಯಲ್ಲಿ ತುಂಬಿ ಸುಮ್ಮನಾಗುತ್ತೇವೆ — ಅದನ್ನೇ ಒಳ್ಳೆ ಕೆಲಸ ಅನ್ನುವುದು. ಅಚ್ಚಿನಲ್ಲಿ ಬಿಟ್ಟುಹೋಗಿರಬೇಕು ಅಂದುಕೊಂಡು, ಹಿಂದಿನ ಹಾಳೆಯ ಅಳತೆಯನ್ನೇ ಇಲ್ಲಿಗೂ ಬರೆದುಬಿಟ್ಟೆ.

ಮಾರನೇ ವಾರ, ಚಹಾ ಹೊತ್ತಿನಲ್ಲಿ ನೀನು ವಿವರಿಸಿದೆ. ಮೊಟ್ಟಮೊದಲ ನಕ್ಷತ್ರಗಳು ಹುಟ್ಟುವಾಗ ಕಬ್ಬಿಣವೇ ಇರಲಿಲ್ಲವಂತೆ. ಅವು ಸಾಯುತ್ತಾ ಚೆಲ್ಲಿದ್ದೇ ಮುಂದಿನವಕ್ಕೆ ಬಳುವಳಿ; ತಲೆಮಾರು ಕಳೆದಂತೆ ಕಬ್ಬಿಣ ಹೆಚ್ಚು, ಗೆರೆ ದಪ್ಪ. ಗೆರೆಯೇ ಕಾಣದಷ್ಟು ಕಬ್ಬಿಣ ಕಡಿಮೆ ಇರುವ ಒಂದೇ ಒಂದು ನಕ್ಷತ್ರ ಸಿಕ್ಕರೂ, ಆ ಪುಟ್ಟ ಗ್ಯಾಲಕ್ಸಿಯ ಮೊದಲ ದಿನಗಳೇ ಕೈಗೆ ಸಿಕ್ಕಂತೆ. ನೀನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು. ಏಳನೇ ಕ್ಲಾಸು ಓದಿದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಷ್ಟು ದೊಡ್ಡದನ್ನು ಅಷ್ಟು ತಾಳ್ಮೆಯಿಂದ ಬೇರೆ ಯಾರೂ ಹೇಳಿಕೊಟ್ಟಿಲ್ಲ.

ಆಮೇಲೆ ನೀನು ಕೇಳಿದೆ: “ಸರೋಜಕ್ಕ, ಒಂದ್ರಲ್ಲೂ ಗೆರೆ ತಪ್ಪಿರಲಿಲ್ವೇನ್ರಿ?”

“ಇಲ್ಲಮ್ಮ. ಎಲ್ಲಾ ಐತೆ.”

ಯಾಕೆ ಹಾಗಂದೆ... ನನ್ನ ಕಣ್ಣು ತಪ್ಪಿಸಿಕೊಂಡು ಏನೂ ಹೋಗಲ್ಲ ಅಂತ ನಿಮ್ಮ ಅಬ್ಬಾನ ಮುಂದೆ ಬಡಾಯಿ ಕೊಚ್ಚಿದ್ದೆ. ನಿನ್ನ ಮುಖದಲ್ಲಿ ನನ್ನ ಬಗ್ಗೆ ಇದ್ದ ಆ ಮೆಚ್ಚುಗೆ — ಅದನ್ನು — ಬೇಡ, ನೆವ ಹೇಳುವುದಿಲ್ಲ.

ಇನ್ನೂ ಎರಡು ತಿಂಗಳು ಹುಡುಕಿ, ಮೊದಲ ತಲೆಮಾರಿನ ಗುರುತು ಇಲ್ಲಿ ಸಿಗಲಿಲ್ಲ ಅಂತ ನೀನು ಪ್ರಬಂಧ ಬರೆದೆ. ಒಂದು ಸಲವೂ ಬೇಸರದ ಮಾತಾಡಲಿಲ್ಲ. ಸಿಕ್ಕಷ್ಟನ್ನೇ ಪ್ರೀತಿಯಿಂದ ಬರೆದೆ.

ಮೊನ್ನೆ ಫೋನಿನಲ್ಲಿ ನೀನು ಅಂದೆ, “ದೊಡ್ಡ ದೂರದರ್ಶಕದಲ್ಲಿ ನೋಡೋಕೆ ಅವಕಾಶ ಕೇಳಬಹುದು ಅಕ್ಕ. ಆದ್ರೆ ಆ ಗ್ಯಾಲಕ್ಸಿಲಿ ಹಳೇದೇನೂ ಇಲ್ವಲ್ಲ, ಅದನ್ನ ಬಿಟ್ಬಿಡ್ತೀನಿ.”

ಬಿಡಬೇಡ. ಹಾಳೆಗಳು ನಿನ್ನ ಬೀರುವಿನಲ್ಲೇ ಇವೆ, ತೆಗೆದು ನೋಡು. ನಿನ್ನ ಗುರುಗಳಿಗೆ ನನ್ನ ಹೆಸರು ಹಿಡಿದೇ ಹೇಳು. ಉಳಿದ ಮೂವತ್ತೊಂಬತ್ತನ್ನೂ ಬೇರೆಯವರ ಕೈಯಲ್ಲಿ ಹೊಸದಾಗಿ ಅಳೆಸು. ಅವುಗಳಲ್ಲಿ ನಾನು ಏನನ್ನೂ ತುಂಬಿಲ್ಲ — ಆದರೆ ನಾನು ಹೇಳಿದೆ ಅಂತ ನಂಬಬೇಡ.