ಬಿಟ್ಟುಹೋದವರು

“ಬಿಟ್ಟುಹೋದವರು” ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಒಂದು ಸಂಸ್ಥೆಯವರು ಗುತ್ತಿಗಾರಿನ ಆಸುಪಾಸಿನ ಬಸುರಿಯರಿಗೆ ರಕ್ತ ಹೆಚ್ಚಿಸುವ ಮಾತ್ರೆ ಕೊಡುವ ಕಾರ್ಯಕ್ರಮ ನಡೆಸಿದರು. ಮನೆಮನೆಗೆ ಹೋಗಿ ವಾರದ ಮಾತ್ರೆ ಕೊಟ್ಟು, ತಿಂದರೋ ಇಲ್ಲವೋ ವಿಚಾರಿಸುವುದು ನನ್ನ ಕೆಲಸ.

ನನ್ನ ಪಾಲಿನ ಮನೆಗಳಲ್ಲಿ ಸೊಸೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು; ಅವಳಿಗೆ ಅದು ಚೊಚ್ಚಲು. ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸುಣ್ಣದಂತೆ ಬಿಳಿ. ಮಾತ್ರೆ ತಿಂದರೆ ವಾಂತಿ ಎಂದು ಮುಖ ಸಿಂಡರಿಸುವವಳನ್ನು ಗದರಿ, ಪುಸಲಾಯಿಸಿ, ಅಂತೂ ರೂಢಿ ಮಾಡಿಸಿದ್ದೆ. ಅಷ್ಟರಲ್ಲಿ ಬಯಕೆ ಊಟ ಮುಗಿಸಿ ಹೆರಿಗೆಗೆಂದು ಕೊಯಿಲದ ತವರಿಗೆ ಹೊರಟಳು. ಚೊಚ್ಚಲ ಹೆರಿಗೆ ತವರಿನಲ್ಲೇ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕಾರ್ಯಕ್ರಮದ ದೊಡ್ಡ ಡಾಕ್ಟರರ ಹೆಂಡತಿಯೂ ಆಗ ಅದಕ್ಕೇ ತವರಿಗೆ ಹೋಗಿದ್ದರು.

“ಹೆರಿಗೆವರೆಗಿನ ಮಾತ್ರೆ ಕಟ್ಟಿ ಕೊಡ್ತೇನೆ ಸರ್,” ಎಂದು ಆ ಡಾಕ್ಟರರಿಗೆ ಹೇಳಿದೆ.

“ಬೇಡ ಮಾರಾಯ್ರೆ. ಅಲ್ಲಿ ತಿಂತಾಳಾ ಇಲ್ವಾ ಯಾರು ನೋಡುದು? ನಮ್ಮ ಫಲಿತಾಂಶ ಹಾಳಾಗ್ತದೆ. ಬಿಟ್ಟುಹೋದವರು ಅಂತ ಬರೆದುಬಿಡಿ.”

ಬಿಟ್ಟುಹೋದವರಂತೆ! ಮಾತ್ರೆಯ ಪೆಟ್ಟಿಗೆಯ ಬೀಗದಕೈ ಅವರ ಬಳಿ. ಕೊಯಿಲದ ಕಡೆ ಅದೇ ಸಂಸ್ಥೆಗೆ ದುಡಿಯುತ್ತಿದ್ದವಳನ್ನು ಬಸ್ಸು ಹಿಡಿದು ಹೋಗಿ ಕೇಳಿದೆ. “ಅವಳು ಗುತ್ತಿಗಾರಿನ ಸೊಸೆ ಅಲ್ವಾ? ಇಲ್ಲಿ ಮೊದಲಿಂದ ಸೇರಿದವರಿಗೆ ಮಾತ್ರ ಉಂಟು,” ಎಂದಳು. ಗಂಡನ ಊರಿನ ಪಟ್ಟಿಗೂ ಬೇಡ, ತವರೂರಿನ ಪಟ್ಟಿಗೂ ಬೇಡ.

ಹೆರಿಗೆಯಲ್ಲಿ ರಕ್ತ ಹೋಗಿ ಹುಡುಗಿ ತೀರಿಕೊಂಡಳು. ಮಗು ಉಳಿಯಿತು. ಮಾತ್ರೆ ಇದ್ದಿದ್ದರೆ ಬದುಕುತ್ತಿದ್ದಳೋ ಏನೋ, ನಾನು ದೇವರಲ್ಲ. ಆದರೆ ಕೊಡಲಿಲ್ಲವಲ್ಲ, ಅದು ಮಾತ್ರ ಸತ್ಯ.

ಕಾರ್ಯಕ್ರಮ ಮುಗಿದಾಗ ಸುಬ್ರಹ್ಮಣ್ಯದ ಲಾಡ್ಜೊಂದರಲ್ಲಿ ಸಭೆ. ಕೊನೆಯವರೆಗೆ ಮಾತ್ರೆ ತಿಂದವರೆಲ್ಲ ಗಟ್ಟಿಯಾಗಿದ್ದಾರೆ, ತಾಯಂದಿರ ಸಾವು ಒಂದೂ ಇಲ್ಲ ಎಂದು ಡಾಕ್ಟರರು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತೂತು ಕೊಡಪಾನದಲ್ಲಿ ಉಳಿದ ನೀರು ತೋರಿಸಿ, ನೋಡಿ, ಸೋರಿಯೇ ಇಲ್ಲ ಎಂದ ಹಾಗೆ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

“ಒಬ್ಬಳು ಸತ್ತಿದ್ದಾಳೆ ಸರ್.”

“ಅವಳು ನಮ್ಮ ಲೆಕ್ಕಕ್ಕೆ ಬರುದಿಲ್ಲ. ಕೂತ್ಕೊಳ್ಳಿ.”

ಕೂರಲಿಲ್ಲ. “ನಿಮ್ಮ ಮನೆಯವರು ಬಾಣಂತನ ಮುಗಿಸಿ ಬಂದ್ರಲ್ಲ ಸರ್, ಅವರನ್ನೂ ಬಿಟ್ಟುಹೋದವರು ಅಂತ ಬರೆದಿದ್ರಾ?”

ಉಳಿದವರನ್ನೆಲ್ಲ ಸಂಸ್ಥೆ ಬೇರೆ ಕಾರ್ಯಕ್ರಮಕ್ಕೆ ತೆಗೆದುಕೊಂಡಿತು; ಮರುವಾರದಿಂದ ನನಗೆ ಮಾತ್ರ ಕೆಲಸ ಇರಲಿಲ್ಲ. ನನ್ನನ್ನೂ ಬಿಟ್ಟುಹೋದವಳೆಂದೇ ಬರೆದುಕೊಂಡರಂತೆ.